ಕಾಯಿ ಹಣ್ಣಾಗುವ ಬಗೆ: ಪಾತ್ರದ ಬೆಳವಣಿಗೆಯಲ್ಲಿ ಆಟಗಾರನ ಆಯ್ಕೆ
(ಶಿಕಾರಿಪುರ–ಸೊರಬ ಪರಿಸರದ ಕಥನ, ಆಟ ಮತ್ತು ಕೂಟಗಳನ್ನು ಅನುಲಕ್ಷಿಸಿ)

1. ಪ್ರಸ್ತಾವನೆ

ಕನ್ನಡದಲ್ಲಿ ಜನಪದ ಆಟಗಳನ್ನು ಕುರಿತು ಇದುವರೆಗೆ ನಡೆದಿರುವ ಕೆಲಸ ಬಹುಪಾಲು ಸಂಗ್ರಹ ಮತ್ತು ವರ್ಗೀಕರಣದ ಸ್ವರೂಪದ್ದು. ಒಳಾಂಗಣ–ಹೊರಾಂಗಣ, ಗಂಡುಮಕ್ಕಳ ಆಟ–ಹೆಣ್ಣುಮಕ್ಕಳ ಆಟ, ಸಲಕರಣೆ ಉಳ್ಳದ್ದು–ಇಲ್ಲದ್ದು ಎಂಬ ವಿಂಗಡಣೆಗಳು ನಮಗೆ ಚಿರಪರಿಚಿತ. ಈ ಕೆಲಸದ ಮಹತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆಟವಾಡುತ್ತಿರುವ ವ್ಯಕ್ತಿ ಪ್ರತಿಯೊಂದು ಹೆಜ್ಜೆಯಲ್ಲೂ ಏನನ್ನು ಆಯ್ದುಕೊಳ್ಳುತ್ತಾನೆ, ಆ ಆಯ್ಕೆಗೆ ಎಷ್ಟು ಅವಕಾಶವಿದೆ, ಅದರಿಂದ ಅವನ ಕಾಯಿಯೋ ಪಾತ್ರವೋ ಹೇಗೆ ಬೆಳೆಯುತ್ತದೆ ಎಂಬ ಪ್ರಶ್ನೆಗಳಿಗೆ ಈ ವಿಂಗಡಣೆಯಲ್ಲಿ ಜಾಗ ದೊರೆಯಲಿಲ್ಲ.

ಈ ಪ್ರಶ್ನೆಯನ್ನು ವ್ಯವಸ್ಥಿತವಾಗಿ ಎತ್ತಿಕೊಂಡಿರುವುದು ಪಶ್ಚಿಮದ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್‌ಗಳು. ಮೇಜಿನ ಸುತ್ತ ಕುಳಿತ ನಾಲ್ಕಾರು ಜನ ಒಂದೊಂದು ಪಾತ್ರವನ್ನು ವಹಿಸಿಕೊಂಡು, ನಿರ್ವಾಹಕನೊಬ್ಬನು ಹೇಳುತ್ತ ಹೋಗುವ ಸನ್ನಿವೇಶಗಳಿಗೆ ಮಾತಿನಲ್ಲೇ ಪ್ರತಿಕ್ರಿಯಿಸುತ್ತ, ಸಂದೇಹದ ಜಾಗದಲ್ಲಿ ದಾಳ ಉರುಳಿಸುತ್ತ ಕಥೆಯನ್ನು ಬೆಳೆಸುವ ಆಟವಿದು. ಇಲ್ಲಿ ಪಾತ್ರಕ್ಕೆ ಅನುಭವ ಸಂಚಯವಾಗುತ್ತದೆ, ಮೆಟ್ಟಿಲು ಏರುತ್ತದೆ, ಹೊಸ ಸಾಮರ್ಥ್ಯಗಳು ಬರುತ್ತವೆ. ಈ ಬೆಳವಣಿಗೆಯನ್ನು ನಿರ್ಧರಿಸುವುದು ನಿಯಮವೋ, ದಾಳವೋ, ಆಟಗಾರನೋ ಎಂಬುದು ಅಲ್ಲಿನ ಆಟ ರಚಕರು ಐವತ್ತು ವರ್ಷಗಳಿಂದ ಚರ್ಚಿಸುತ್ತಿರುವ ವಿಷಯ.

ಇಂಥ ಆಟ ಹೆಸರಿನಲ್ಲಿ ನಮಗೆ ಹೊಸದು. ಸ್ವರೂಪದಲ್ಲಿ ಅಷ್ಟು ಹೊಸದಲ್ಲ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಈ ವಿಚಾರಕ್ಕೆ ವಿಶೇಷ ಅನುಕೂಲವಾದ ನೆಲ. ಸೊರಬದ ಪಶ್ಚಿಮದ ಅಂಚು ಸಾಗರ, ಸಿದ್ದಾಪುರ, ಶಿರಸಿ ಸೀಮೆಯ ಯಕ್ಷಗಾನ–ತಾಳಮದ್ದಳೆ ವಲಯಕ್ಕೆ ಸೇರಿಕೊಂಡರೆ, ಶಿಕಾರಿಪುರದ ಪೂರ್ವ–ಉತ್ತರದ ಅಂಚು ಹಿರೇಕೆರೂರು, ಹೊನ್ನಾಳಿಗಳ ಮೂಲಕ ಬಯಲುಸೀಮೆಗೆ ತೆರೆದುಕೊಳ್ಳುತ್ತದೆ. ಈ ನೆಲದ ಪ್ರಾಚೀನ ಕಥನಗಳು, ಮನೆಯಂಗಳದ ಚೌಕಾಬಾರ ಮತ್ತು ಮಳೆಗಾಲದ ತಾಳಮದ್ದಳೆ ಎಂಬ ಮೂರು ನಿದರ್ಶನಗಳನ್ನು ಮುಂದಿರಿಸಿಕೊಂಡು ಆಟಗಾರನ ಆಯ್ಕೆಯ ಸ್ವರೂಪವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಮ್ಮ ಪರಂಪರೆಯಲ್ಲಿ ಪಾತ್ರದ ಗಮ್ಯ ಬಹುಮಟ್ಟಿಗೆ ನಿಶ್ಚಿತ, ದಾರಿ ಮಾತ್ರ ಮುಕ್ತ. ಆ ದಾರಿಯ ಆಯ್ಕೆಯೂ ಎದುರಾಳಿಯ ಸಮ್ಮುಖದಲ್ಲಿಯೇ ಸಿದ್ಧಿಸುತ್ತದೆ ಎಂಬುದು ಇಲ್ಲಿ ಪ್ರತಿಪಾದಿಸಲಾಗುವ ವಿಚಾರ.

2. ಒಂದು ಗಮ್ಯ, ಎರಡು ದಾರಿ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಅಲ್ಲಮಪ್ರಭುವಿನ ಊರು. ಶಿರಾಳಕೊಪ್ಪದ ಸಮೀಪದ ಉಡುತಡಿ ಅಕ್ಕಮಹಾದೇವಿಯ ಊರು. ಇವರಿಬ್ಬರ ಕಥೆಯನ್ನು ಕನ್ನಡದ ಇಬ್ಬರು ದೊಡ್ಡ ಕವಿಗಳು ಎರಡು ಬಗೆಯಲ್ಲಿ ಹೇಳಿದ್ದಾರೆ. ಹರಿಹರನ ರಗಳೆಯಲ್ಲಿ ಅಲ್ಲಮನು ಕಮಲತೆಯನ್ನು ಒಲಿದು, ಅವಳ ಮರಣದಿಂದ ವಿಹ್ವಲನಾಗಿ ಅಲೆದು, ಕೊನೆಗೆ ಅನಿಮಿಷಯ್ಯನನ್ನು ಕಂಡು ಅರಿವಿಗೆ ಏರುತ್ತಾನೆ. ಚಾಮರಸನ ಪ್ರಭುಲಿಂಗಲೀಲೆಯ ಅಲ್ಲಮನಿಗಾದರೋ ಮೋಹದ ಸೋಂಕೇ ಇಲ್ಲ. ಬನವಾಸಿಯಲ್ಲಿ ಮದ್ದಳೆ ಬಾರಿಸುವಾಗಲೂ ಅವನು ಮಾಯೆಯ ಕೈಗೆ ಸಿಗದವನು. ಅಕ್ಕನ ವಿಷಯದಲ್ಲಿಯೂ ಹೀಗೆಯೇ. ಹರಿಹರನಲ್ಲಿ ಅವಳು ನಿಬಂಧನೆಗಳನ್ನು ವಿಧಿಸಿ ಕೌಶಿಕನನ್ನು ವರಿಸುತ್ತಾಳೆ, ಅವನು ಅವುಗಳನ್ನು ಮೀರಿದಾಗ ಹೊರಡುತ್ತಾಳೆ. ಚಾಮರಸನಲ್ಲಿ ವಿವಾಹವೇ ನಡೆಯುವುದಿಲ್ಲ.

ವಿದ್ವಾಂಸರು ಈ ವ್ಯತ್ಯಾಸವನ್ನು ಬಹುಕಾಲ ಚಾರಿತ್ರಿಕ ಸತ್ಯದ ಪ್ರಶ್ನೆಯಾಗಿ ಚರ್ಚಿಸಿದ್ದಾರೆ: ಅಕ್ಕನಿಗೆ ಮದುವೆಯಾಗಿತ್ತೇ, ಇಲ್ಲವೇ? ಜಾನಪದ ದೃಷ್ಟಿಗೆ ಇದು ಬೇರೆ ರೀತಿಯಲ್ಲಿ ಮುಖ್ಯ. ಎರಡೂ ಕಾವ್ಯಗಳಲ್ಲಿ ಅಲ್ಲಮ ಅಲ್ಲಮನೇ ಆಗುತ್ತಾನೆ, ಅಕ್ಕ ಶ್ರೀಶೈಲದ ಕದಳಿಯನ್ನೇ ಸೇರುತ್ತಾಳೆ. ಕೇಳುಗರಿಗೆ ಮೊದಲೇ ಗೊತ್ತಿರುವ ಈ ಕೊನೆಯನ್ನು ಬದಲಿಸುವ ಅಧಿಕಾರ ಕವಿಗೆ ಇಲ್ಲ. ಆದರೆ ಬಿದ್ದು ಏಳುವ ಅಲ್ಲಮನನ್ನು ಕಟ್ಟಬೇಕೋ ಬೀಳದೆಯೇ ನಿಲ್ಲುವ ಅಲ್ಲಮನನ್ನು ಕಟ್ಟಬೇಕೋ ಎಂಬ ಆಯ್ಕೆ ಅವನದು. ಈ ಆಯ್ಕೆಯಿಂದ ಅಲ್ಲಮನ ಅರಿವಿನ ಅರ್ಥವೇ ಬೇರೆಯಾಗುತ್ತದೆ.

ಇದೇ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವೂ ಇಲ್ಲಿ ಸ್ಮರಣೀಯ. ಕದಂಬ ಶಾಂತಿವರ್ಮನ ಕಾಲದ, ಕುಬ್ಜನೆಂಬ ಕವಿಯ ರಚನೆಯಾದ 5ನೆಯ ಶತಮಾನದ ಈ ಶಾಸನ, ವೇದಾಧ್ಯಯನಕ್ಕೆಂದು ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಹೋದ ಮಯೂರಶರ್ಮನು ಪಲ್ಲವರ ಅಶ್ವಾರೋಹಿಯೊಡನೆ ಉಂಟಾದ ಕಲಹದಿಂದ ನೊಂದು ಶಸ್ತ್ರ ಹಿಡಿದ ವೃತ್ತಾಂತವನ್ನು ಹೇಳುತ್ತದೆ. ದರ್ಭೆಯ ಕೈ ಕತ್ತಿಯ ಕೈ ಆದದ್ದು ಆ ವ್ಯಕ್ತಿಯ ಆಯ್ಕೆ ನಿಜ. ಆದರೆ ಅದನ್ನು ಸಾಧ್ಯವಾಗಿಸಿದ್ದು ಎದುರು ನಿಂತವನ ವರ್ತನೆ. ಕಂಚಿಯಲ್ಲಿ ಜಗಳವಾಗದಿದ್ದರೆ ಈ ಕಥನದಲ್ಲಿ ಕದಂಬ ರಾಜ್ಯಕ್ಕೆ ಆರಂಭವೇ ಇಲ್ಲ.

3. ಮಣೆಯ ಆಟ: ಚೌಕಾಬಾರ

ಕಥನದಿಂದ ಆಟಕ್ಕೆ ಬಂದಾಗ ಮೊದಲು ಪರಿಶೀಲಿಸಬೇಕಾದುದು ಮನೆಮನೆಯ ಚೌಕಾಬಾರ. ಕಟ್ಟೆಮನೆ ಮುಂತಾದ ಹೆಸರುಗಳಿಂದಲೂ ಕರೆಯಲಾಗುವ ಈ ಆಟ ಕರ್ನಾಟಕದ ಬಹುಭಾಗಗಳಲ್ಲಿ ಇರುವಂತೆ ಇಲ್ಲಿಯೂ ಇದೆ. ಅದರ ರಚನೆ ಸರಳ: 5 ಸಾಲು, 5 ಕಂಬಗಳ 25 ಮನೆಗಳು, ನಾಲ್ಕು ಬದಿಯ ನಡುಮನೆಗಳಿಗೆ ಮತ್ತು ಕೇಂದ್ರಕ್ಕೆ ಅಡ್ಡಗೆರೆಯ ಗುರುತು, ಒಬ್ಬೊಬ್ಬರಿಗೆ 4 ಕಾಯಿ, 4 ಕವಡೆ ಅಥವಾ ಒಂದು ಬದಿ ತೇಯ್ದ ಹುಣಸೆಬೀಜ. ಕವಡೆಗಳೆಲ್ಲ ಒಂದೇ ಬಗೆಯಲ್ಲಿ ಬಿದ್ದರೆ ಚೌಕ ಎಂಬ 4 ಅಥವಾ ಬಾರ ಎಂಬ 8. ಇವೆರಡಕ್ಕೂ ಮತ್ತೊಂದು ಎಸೆತ. ಕಾಯಿ ಹೊರಸುತ್ತನ್ನು ಮುಗಿಸಿ, ದಿಕ್ಕು ಬದಲಿಸಿ ಒಳಸುತ್ತನ್ನು ಹಾದು, 24 ಹೆಜ್ಜೆಗಳಲ್ಲಿ ನಡುಮನೆ ಸೇರಿದರೆ ಅದು ‘ಹಣ್ಣು’.

ಈ ಪರಿಭಾಷೆಯೇ ಅರ್ಥಪೂರ್ಣ. ಗೆಲುವು, ಸೋಲು, ಪದವಿ, ಪಟ್ಟ ಎಂಬ ಮಾತುಗಳನ್ನು ಬಿಟ್ಟು ಜನಪದರು ಇಲ್ಲಿ ತೋಟದ ಮಾತನ್ನು ಆರಿಸಿಕೊಂಡಿದ್ದಾರೆ. ಕಾಯಿ ಎಂಬುದು ಆಟದ ಬಿಲ್ಲೆಯೂ ಹೌದು, ಮಾಗದ ಫಲವೂ ಹೌದು. ಬೆಳವಣಿಗೆಯನ್ನು ಮಾಗುವಿಕೆಯಾಗಿ ಕಾಣುವ ಈ ದೃಷ್ಟಿಗೆ ಸಂಖ್ಯೆಯ ಏರಿಕೆ ಸಾಲದು. ಹದ ಬೇಕು, ಕಾಲ ಬೇಕು, ಅಪಾಯದ ಬಯಲನ್ನು ದಾಟಬೇಕು.

ಆಯ್ಕೆಯ ಪ್ರಮಾಣವನ್ನು ನೋಡೋಣ. ಕವಡೆ ಎರಡೂ ಬದಿಗೆ ಸಮನಾಗಿ ಬೀಳುತ್ತದೆಂದು ಭಾವಿಸಿದರೆ 16 ಸಾಧ್ಯತೆಗಳಲ್ಲಿ 6ರಲ್ಲಿ ಎರಡು ಬೀಳುತ್ತದೆ. ಒಂದು ಮತ್ತು ಮೂರು ತಲಾ 4ರಲ್ಲಿ. ಚೌಕ ಮತ್ತು ಬಾರ ತಲಾ 1ರಲ್ಲಿ. ಎಸೆತ ಆಟಗಾರಳ ಕೈಯಲ್ಲಿಲ್ಲ. ಆದರೆ ಬಿದ್ದ ಎರಡನ್ನು ಯಾವ ಕಾಯಿಗೆ ಕೊಡಬೇಕು? ಒಂದೇ ಕಾಯಿಯನ್ನು ಮುಂದೋಡಿಸಿ ಬೇಗ ಹಣ್ಣು ಮಾಡುವುದೋ, ನಾಲ್ಕನ್ನೂ ಹೊರತಂದು ಒಂದರ ಬೆನ್ನಿಗೆ ಇನ್ನೊಂದನ್ನು ಇಡುವುದೋ, ಕಟ್ಟೆಯಲ್ಲಿ ಕುಳಿತು ಕಾಯುವುದೋ? ಈ ನಿರ್ಧಾರ ಸಂಪೂರ್ಣವಾಗಿ ಆಟಗಾರಳದು. ವೈಕುಂಠ ಏಕಾದಶಿಯ ಜಾಗರಣೆಯೊಡನೆ ಹೆಣೆದುಕೊಂಡಿರುವ ಪರಮಪದದ ಪಟವನ್ನು ಇದರ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಸ್ಫುಟವಾಗುತ್ತದೆ. ಅಲ್ಲಿ ಪಾಪದ ಹಾವು, ಪುಣ್ಯದ ಏಣಿಗಳ ನಡುವೆ ಜೀವ ಏರುವುದೂ ಇಳಿಯುವುದೂ ದಾಳದ ವಶ. ಆಟಗಾರನು ಕರ್ಮಫಲದ ಸಾಕ್ಷಿ ಮಾತ್ರ. ಚೌಕಾಬಾರ ಅದೃಷ್ಟವನ್ನು ಒಪ್ಪಿಕೊಳ್ಳುತ್ತದೆ, ಆದರೆ ಅದರ ವಿನಿಯೋಗವನ್ನು ಮನುಷ್ಯರಿಗೆ ಬಿಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಕಟ್ಟಳೆ ಇನ್ನೊಂದಿದೆ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದ ಹೊರತು ಒಳಸುತ್ತಿಗೆ ಪ್ರವೇಶವಿಲ್ಲ ಎಂಬುದು ಅನೇಕ ಕಡೆ ಪಾಲಿಸುವ ನಿಯಮ. ಯಾರ ತಂಟೆಗೂ ಹೋಗದೆ ಸುರಕ್ಷಿತವಾಗಿ ಸುತ್ತುವ ಕಾಯಿ ಎಷ್ಟು ಸುತ್ತಿದರೂ ಹೊರಗೇ ಉಳಿಯುತ್ತದೆ. ಬೆಳವಣಿಗೆಯ ಹೊಸ್ತಿಲಿನಲ್ಲಿ ಎದುರಾಳಿಯ ಮುಖಾಮುಖಿಯನ್ನು ಹೀಗೆ ಕಡ್ಡಾಯ ಮಾಡಿರುವುದು ಆಟದ ಚತುರ ರಚನೆ. ಈ ಕಟ್ಟಳೆಯನ್ನು ಇಟ್ಟುಕೊಳ್ಳಬೇಕೇ, ಜೋಡಿ ಕಾಯಿಗೆ ಏನು ಮರ್ಯಾದೆ ಎಂಬುದನ್ನು ಆಡುವವರೇ ಮೊದಲು ಮಾತಾಡಿ ಗೊತ್ತುಮಾಡಿಕೊಳ್ಳುತ್ತಾರೆ ಎಂಬುದೂ ಗಮನಾರ್ಹ. ನಿಯಮದ ಆಯ್ಕೆಯೂ ಆಟದ ಭಾಗ. ಪಚ್ಚೀಸಿಯಿಂದ ಇಂಗ್ಲೆಂಡಿನಲ್ಲಿ ರೂಪುಗೊಂಡು 1896ರಲ್ಲಿ ಪೇಟೆಂಟ್ ಪಡೆದ ಲೂಡೊ, ಇಂದು ಮೊಬೈಲ್ ಫೋನಿನಲ್ಲಿ ಹಳ್ಳಿಹಳ್ಳಿಗೂ ಬಂದಿದೆ. ಅಲ್ಲಿ ಯಾವ ಕಾಯಿ ನಡೆಸಬೇಕೆಂಬ ಆಯ್ಕೆ ಉಳಿದಿದೆ. ಕಟ್ಟಳೆಯನ್ನು ಕೂಡಿ ಮಾತಾಡಿಕೊಳ್ಳುವ ಅವಕಾಶ ಬಹುಮಟ್ಟಿಗೆ ಇಲ್ಲವಾಗಿದೆ.

4. ಕೂಟದ ಆಟ: ತಾಳಮದ್ದಳೆ

ಚೌಕಾಬಾರದ ಕಾಯಿಗೆ ಮಾತಿಲ್ಲ. ಮಾತೇ ಬೆಳವಣಿಗೆಯ ಸಾಧನವಾಗುವ ಆಟ ತಾಳಮದ್ದಳೆ. ಬಳ್ಳಾರಿ ಸೀಮೆಯ ಕುರುಗೋಡು ಸೋಮಸಮುದ್ರದ 1556ರ ಶಾಸನ ತಾಳಮದ್ದಳೆಯವರಿಗೆ ಭೂಮಿ ಬಿಟ್ಟುದನ್ನು ದಾಖಲಿಸಿರುವುದರಿಂದ ಈ ಪ್ರಕಾರಕ್ಕೆ ಕನಿಷ್ಠ ನಾಲ್ಕೂವರೆ ಶತಮಾನಗಳ ಇತಿಹಾಸವಿದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಎದುರುಬದುರು ಕುಳಿತ ಅರ್ಥಧಾರಿಗಳು ತಮ್ಮ ತಮ್ಮ ಪಾತ್ರವಾಗಿ ಆಶುವಾಗಿ ಮಾತಾಡುತ್ತಾರೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಬಯಲಾಟ ನಿಂತ ಮಳೆಗಾಲದ ರಾತ್ರಿಗಳು ಇದರ ಸಹಜ ಋತು.

ಮೇಜಿನ ಸುತ್ತಣ ಪಾತ್ರಧಾರಣೆಯ ಆಟಕ್ಕೂ ಇದಕ್ಕೂ ಇರುವ ಸಾಮ್ಯ ಆಕಸ್ಮಿಕವಾದರೂ ಗಾಢವಾದುದು. ಎರಡರಲ್ಲೂ ಕುಳಿತೇ ಆಡುವುದು, ಮಾತೇ ಕ್ರಿಯೆ, ಒಬ್ಬ ನಿರ್ವಾಹಕ, ಮೊದಲೇ ಗೊತ್ತಾದ ಕಟ್ಟುಪಾಡು, ಅದರೊಳಗೆ ಆಗಿಂದಾಗ್ಗೆ ಹುಟ್ಟುವ ಪಾತ್ರ. ಫ್ರೆಂಚ್ ಚಿಂತಕ ರೊಜೆ ಕಯ್ವಾ 1958ರ ತನ್ನ ಗ್ರಂಥದಲ್ಲಿ ಆಟಗಳನ್ನು ಸ್ಪರ್ಧೆ, ಅದೃಷ್ಟ, ಅನುಕರಣೆ, ತಲೆಸುತ್ತು ಎಂದು ನಾಲ್ಕಾಗಿ ವಿಂಗಡಿಸಿ, ಆಟವು ನಿಯಮಬದ್ಧವಾಗಿರುತ್ತದೆ ಇಲ್ಲವೇ ನಟನೆಯಾಗಿರುತ್ತದೆ, ಎರಡೂ ಒಟ್ಟಿಗೆ ಆಗಿರುವುದಿಲ್ಲ ಎಂಬ ನಿಲುವು ತಳೆದನು. ಪದ್ಯದ ಕಟ್ಟಿನೊಳಗೆ ಪಾತ್ರವಾಗಿ ವಾದಿಸುವ ಅರ್ಥಧಾರಿಯನ್ನು ಕಂಡವರಿಗೆ ಈ ನಿಲುವು ಒಪ್ಪಿಗೆಯಾಗದು. ತಾಳಮದ್ದಳೆ ಏಕಕಾಲಕ್ಕೆ ನಿಯಮ, ಸ್ಪರ್ಧೆ ಮತ್ತು ನಟನೆ.

ಇಲ್ಲಿ ಆಯ್ಕೆಗೆ ಮೂರು ಸ್ತರಗಳಿವೆ. ಯಾರಿಗೆ ಯಾವ ಪಾತ್ರ ಎಂಬುದು ಮೊದಲನೆಯದು. ಅದು ಸಾಮಾನ್ಯವಾಗಿ ಸಂಘಟಕರ ಮತ್ತು ಹಿರಿಯರ ತೀರ್ಮಾನ. ಪ್ರಸಂಗದ ಯಾವ ಪದ್ಯಗಳನ್ನು ಎತ್ತಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ಎರಡನೆಯದು. ಅದು ಭಾಗವತರ ಅಧಿಕಾರ. ಆ ಪದ್ಯಕ್ಕೆ ಯಾವ ಅರ್ಥ ಎಂಬ ಮೂರನೆಯದು ಮಾತ್ರ ಅರ್ಥಧಾರಿಯದು. ಮೇಲುನೋಟಕ್ಕೆ ಸಂಕುಚಿತವಾಗಿ ಕಾಣುವ ಈ ಮೂರನೆಯ ಸ್ತರದಲ್ಲೇ ಪಾತ್ರ ಬೆಳೆಯುತ್ತದೆ.

ಕರ್ಣಭೇದನ ಪ್ರಸಂಗವನ್ನು ತೆಗೆದುಕೊಳ್ಳಬಹುದು. ಕೃಷ್ಣ ಜನ್ಮರಹಸ್ಯವನ್ನು ತಿಳಿಸುತ್ತಾನೆ. ಕರ್ಣ ಕೌರವನನ್ನು ಬಿಟ್ಟುಬರಲು ಒಪ್ಪುವುದಿಲ್ಲ. ಈ ಕೊನೆ ಬದಲಾಗದು. ಆದರೆ ಒಪ್ಪದಿರಲು ಕಾರಣ? ಅನ್ನದ ಋಣವೇ, ಹೆತ್ತವಳ ಮೇಲಿನ ಕೋಪವೇ, ಸಾಕಿದವರ ಮೇಲಿನ ಮಮತೆಯೇ, ಸೋಲು ಖಚಿತವೆಂದು ಅರಿತವನ ನಿರ್ಲಿಪ್ತಿಯೇ? ಇವುಗಳಲ್ಲಿ ಯಾವುದು ಮುಂದೆ ಬರಬೇಕೆಂಬುದು ಕರ್ಣನ ಅರ್ಥಧಾರಿಯೊಬ್ಬನೇ ಮನೆಯಲ್ಲಿ ಕುಳಿತು ನಿರ್ಧರಿಸಬಹುದಾದ ವಿಷಯವಲ್ಲ. ಕೃಷ್ಣನು ರಾಜ್ಯದ ಆಮಿಷವನ್ನು ಒಡ್ಡುತ್ತ ಬಂದರೆ ಕರ್ಣನು ಆಸೆಯನ್ನು ಕುರಿತು ಮಾತಾಡಬೇಕು. ಅಣ್ಣತಮ್ಮಂದಿರ ರಕ್ತಸಂಬಂಧವನ್ನು ಎತ್ತಿದರೆ, ಅದುವರೆಗೆ ಆ ಸಂಬಂಧ ಎಲ್ಲಿತ್ತೆಂದು ಕೇಳಬೇಕು. ಧರ್ಮದ ಹೆಸರೆತ್ತಿದರೆ ಋಣವೂ ಧರ್ಮವೆಂದು ಸ್ಥಾಪಿಸಬೇಕು. ಕೃಷ್ಣನ ಪ್ರಶ್ನೆ ಎಷ್ಟು ಆಳಕ್ಕೆ ಇಳಿಯುತ್ತದೆಯೋ ಕರ್ಣ ಅಷ್ಟು ಎತ್ತರಕ್ಕೆ ಏರುತ್ತಾನೆ. ದುರ್ಬಲ ಕೃಷ್ಣನೆದುರು ಪ್ರಬಲ ಕರ್ಣ ಮಾತಿನಲ್ಲಿ ಗೆಲ್ಲಬಹುದು, ಪಾತ್ರವಾಗಿ ಬೆಳೆಯಲಾರ.

ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಚಲಿತವಾದ ರಾಮಾಯಣ ಪ್ರಸಂಗಗಳ ವಾಲಿ ಇನ್ನೂ ಕಠಿಣವಾದ ನಿದರ್ಶನ. ಮರೆಯಲ್ಲಿ ನಿಂತು ಬಾಣ ಬಿಟ್ಟುದೇಕೆ ಎಂದು ರಾಮನನ್ನು ಪ್ರಶ್ನಿಸುವ ವಾಲಿ ಕೊನೆಗೆ ಶರಣಾಗಲೇಬೇಕು. ಪದ್ಯ ಹಾಗೆ ಹೇಳುತ್ತದೆ. ಆಕ್ಷೇಪದಿಂದ ಶರಣಾಗತಿಗೆ ಹೋಗುವ ಮೆಟ್ಟಿಲುಗಳನ್ನು ಮಾತ್ರ ಪದ್ಯ ಹೇಳುವುದಿಲ್ಲ. ರಾಮನ ಸಮಾಧಾನಕ್ಕೆ ಒಪ್ಪಿ ಶರಣಾದ ವಾಲಿ ಒಬ್ಬ. ಸಮಾಧಾನ ಸಾಲದೆಂದು ತಿಳಿದೂ ಮಗ ಅಂಗದನ ಭವಿಷ್ಯಕ್ಕಾಗಿ ತಲೆಬಾಗಿದ ವಾಲಿ ಇನ್ನೊಬ್ಬ. ತರ್ಕಕ್ಕೆ ಹೆಸರಾದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಮತ್ತು ಭಾವದ ಮಾತಿಗೆ ಹೆಸರಾದ ಮಲ್ಪೆ ರಾಮದಾಸ ಸಾಮಗರು ಎದುರುಬದುರಾದ ಕೂಟಗಳನ್ನು ರಸಿಕರು ಇಂದಿಗೂ ನೆನೆಯುತ್ತಾರೆ. ಎರಡು ಬಗೆಯ ಮಾತುಗಳು ಒಂದನ್ನೊಂದು ಕೆಣಕಿದಾಗ ಎರಡೂ ಪಾತ್ರಗಳು ಬೆಳೆಯುತ್ತವೆ ಎಂಬುದಕ್ಕೆ ಆ ನೆನಪೇ ಸಾಕ್ಷಿ.

ಶಿಕಾರಿಪುರದ ಪೂರ್ವಕ್ಕೆ ತೆರೆದುಕೊಳ್ಳುವ ಬಯಲುಸೀಮೆಯ ದೊಡ್ಡಾಟದ ಪರಂಪರೆಯಲ್ಲಿ ಸ್ಥಿತಿ ಬೇರೆ. ಅಲ್ಲಿ ಮಾತು ಬಹುಮಟ್ಟಿಗೆ ಕಂಠಪಾಠದ್ದು; ಕಲಾವಿದನ ಸ್ವಾತಂತ್ರ್ಯ ದನಿ, ಕುಣಿತ ಮತ್ತು ಭಂಗಿಗಳಲ್ಲಿ ಪ್ರಕಟವಾಗುತ್ತದೆ. ಇದು ಕೊರತೆಯ ಮಾತಲ್ಲ. ಆಯ್ಕೆಗೆ ತೆರೆದ ಜಾಗ ಪ್ರಕಾರದಿಂದ ಪ್ರಕಾರಕ್ಕೆ ಬದಲಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

5. ಪಶ್ಚಿಮದ ಪಾತ್ರಧಾರಣೆಯ ಆಟ

ಈ ಹಿನ್ನೆಲೆಯಲ್ಲಿ ಪಶ್ಚಿಮದ ಆಟಗಳ ವಿಕಾಸವನ್ನು ತುಲನಾತ್ಮಕವಾಗಿ ನೋಡಬಹುದು. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಪ್ರಕಾರದ ಮೊದಲ ಪ್ರಕಟಿತ ಆಟ. ಯುದ್ಧದ ಮಾದರಿಯಾಟಗಳಿಂದ ಹುಟ್ಟಿದ ಈ ಆಟದಲ್ಲಿ ಪಾತ್ರದ ಆರು ಗುಣಗಳನ್ನು ದಾಳ ನಿರ್ಧರಿಸುತ್ತಿತ್ತು. ಯೋಧ, ಮಾಂತ್ರಿಕ, ಪುರೋಹಿತ ಎಂಬ ಮೂರು ವರ್ಗಗಳಲ್ಲಿ ಒಂದನ್ನು ಆರಿಸಿಕೊಂಡ ಮೇಲೆ ಬೆಳವಣಿಗೆ ಬಹುತೇಕ ತನಗೆ ತಾನೇ ನಡೆಯುತ್ತಿತ್ತು: ನಿಧಿ ಸಿಕ್ಕಂತೆ, ರಾಕ್ಷಸರು ಸತ್ತಂತೆ ಎಕ್ಸ್‌ಪೀರಿಯನ್ಸ್ ಪಾಯಿಂಟ್ ಕೂಡಿ ಲೆವೆಲ್ ಏರುತ್ತಿತ್ತು.

ಈ ಕಟ್ಟಿಗೆ ಬಂದ ಪ್ರತಿಕ್ರಿಯೆಗಳು ಮುಖ್ಯ. 1977ರ ‘ಟ್ರಾವೆಲರ್’ ಪಾತ್ರದ ಪೂರ್ವವೃತ್ತಾಂತವನ್ನೇ ಆಟವಾಗಿಸಿತು. ಇನ್ನೊಂದು ಅವಧಿ ಸೇವೆಯಲ್ಲಿ ಉಳಿದು ಹೆಚ್ಚು ಕಲಿಯಲು ಬಯಸಿದರೆ, ಆಟ ಆರಂಭವಾಗುವ ಮೊದಲೇ ಪಾತ್ರ ಸಾಯುವ ಅಪಾಯವಿತ್ತು. 1978ರ ‘ರೂನ್‌ಕ್ವೆಸ್ಟ್’ ವರ್ಗಗಳನ್ನು ತೊಡೆದು, ಯಾವ ಕೌಶಲವನ್ನು ಪಾತ್ರ ನಿಜವಾಗಿ ಬಳಸಿ ಯಶಸ್ವಿಯಾಯಿತೋ ಅದೇ ಬೆಳೆಯುವಂತೆ ಮಾಡಿತು. 2000ದಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂರನೆಯ ಆವೃತ್ತಿ ಪ್ರತಿ ಮೆಟ್ಟಿಲಿನಲ್ಲೂ ವರ್ಗವನ್ನು ಬೆರೆಸುವ, ವಿಶೇಷ ಸಾಮರ್ಥ್ಯಗಳನ್ನು ಪಟ್ಟಿಯಿಂದ ಆರಿಸುವ ಸ್ವಾತಂತ್ರ್ಯವನ್ನು ಆಟಗಾರನಿಗೆ ನೀಡಿತು.

ಇದು ಆಯ್ಕೆಯ ವಿಸ್ತರಣೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರ ಇನ್ನೊಂದು ಮುಖವನ್ನೂ ವಿಮರ್ಶೆ ಗುರುತಿಸಬೇಕು. ಪಟ್ಟಿಯಿಂದ ಆರಿಸುವ ಬೆಳವಣಿಗೆಯನ್ನು ಆಟಗಾರ ಒಬ್ಬನೇ, ಮೊದಲ ಮೆಟ್ಟಿಲಿನಿಂದ ಇಪ್ಪತ್ತನೆಯ ಮೆಟ್ಟಿಲಿನವರೆಗೆ, ಕೂಟ ಸೇರುವ ಮೊದಲೇ ಯೋಜಿಸಿಬಿಡಬಹುದು. ಆಗ ಆಟದೊಳಗೆ ಎದುರಾದವರು, ನಡೆದ ಮಾತು, ಅನುಭವಿಸಿದ ಸೋಲು ಇವು ಯಾವುವೂ ಆ ಯೋಜನೆಯನ್ನು ತಾಕಬೇಕಾಗಿಲ್ಲ. ಆಯ್ಕೆ ಹೆಚ್ಚಿದಂತೆ ಎದುರಾಳಿ ಕರಗಿಹೋಗುವ ಸಾಧ್ಯತೆ ಇಲ್ಲಿದೆ. ಕಡಿಯದೆ ಒಳಸುತ್ತಿಗೆ ಬಿಡದ ಚೌಕಾಬಾರವೂ ಪ್ರಶ್ನೆಯಿಲ್ಲದೆ ಉತ್ತರಕ್ಕೆ ಬಿಡದ ತಾಳಮದ್ದಳೆಯೂ ಆಟಗಾರನಿಗೆ ಕೊಡುವ ಆಯ್ಕೆ ಕಡಿಮೆ. ಆದರೆ ಆ ಕಡಿಮೆಯ ಆಯ್ಕೆ ಇನ್ನೊಬ್ಬರ ಮುಂದೆ ನಿಂತು ಮಾಡಬೇಕಾದುದು. ರೂನ್‌ಕ್ವೆಸ್ಟ್‌ನ ಮಾರ್ಗ ಇವುಗಳಿಗೆ ಹತ್ತಿರದ್ದು ಎಂಬುದು ನನ್ನ ಅಭಿಪ್ರಾಯ.

6. ಪರಂಪರೆಯ ಮಿತಿಗಳು

ಹೀಗೆಂದ ಮಾತ್ರಕ್ಕೆ ನಮ್ಮ ಪ್ರಕಾರಗಳನ್ನು ಆದರ್ಶೀಕರಿಸಬೇಕಾಗಿಲ್ಲ. ಪಾತ್ರ ಹಂಚಿಕೆಯ ಮೊದಲ ಸ್ತರದಲ್ಲಿ ಜಾತಿ, ಲಿಂಗ, ಶಿಕ್ಷಣ, ಹಿರಿತನಗಳು ಕೆಲಸ ಮಾಡಿವೆ. ಪುರಾಣಜ್ಞಾನ ಮತ್ತು ಗ್ರಂಥಸ್ಥ ಭಾಷೆಯ ಒಡೆತನ ಯಾರಲ್ಲಿತ್ತೋ ಅವರಿಗೇ ಕರ್ಣ, ಕೃಷ್ಣ, ವಾಲಿಗಳು ಸುಲಭವಾಗಿ ದೊರೆತವು. ಮಹಿಳೆಯರು ಚೌಕಾಬಾರದ ಮಣೆಯ ಮುಂದೆ ಪೂರ್ಣ ಅಧಿಕಾರದ ಆಟಗಾರರಾಗಿದ್ದ ಕಾಲದಲ್ಲಿಯೂ ತಾಳಮದ್ದಳೆಯ ಕೂಟದಲ್ಲಿ ಬಹುಮಟ್ಟಿಗೆ ಕೇಳುಗರಾಗಿಯೇ ಉಳಿದರು. ಮಹಿಳಾ ತಾಳಮದ್ದಳೆ ಕೂಟಗಳು ರೂಪುಗೊಂಡ ಮೇಲೆ ಪದ್ಯ ಅದೇ ಇದ್ದರೂ ದ್ರೌಪದಿ, ಕೈಕೇಯಿ, ಅಂಬೆಯರ ಅರ್ಥದಲ್ಲಿ ಹೊಸ ದಾರಿಗಳು ತೆರೆಯುವ ಅವಕಾಶ ಉಂಟಾಗಿದೆ. ಇದು ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾದ ವಿಷಯ.

ಎರಡನೆಯ ಮಿತಿ ಇತ್ತೀಚಿನದು. ಧ್ವನಿಸುರುಳಿಗಳ ಕಾಲದಿಂದ ಅಂತರ್ಜಾಲದ ವಿಡಿಯೊಗಳವರೆಗೆ ಪ್ರಸಿದ್ಧ ಅರ್ಥಧಾರಿಗಳ ಮಾತು ಸಂರಕ್ಷಿತವಾಗಿದೆ. ಇದು ದೊಡ್ಡ ಲಾಭ. ಆದರೆ ಸಂರಕ್ಷಿತವಾದ ಮಾತು ಮಾದರಿಯಾಗುತ್ತದೆ, ಮಾದರಿ ಪಾಠವಾಗುತ್ತದೆ. ಹಿರಿಯರೊಬ್ಬರು ಒಂದು ರಾತ್ರಿ, ಒಬ್ಬ ನಿರ್ದಿಷ್ಟ ಎದುರಾಳಿಯ ಪ್ರಶ್ನೆಗೆ ಕಂಡುಕೊಂಡ ಉತ್ತರವನ್ನು ಕಿರಿಯರು ಆ ಪ್ರಶ್ನೆ ಬರದಿದ್ದರೂ ಒಪ್ಪಿಸಿದಾಗ ಅಲ್ಲಿ ಉಳಿಯುವುದು ಬೇರೊಬ್ಬರ ಆಯ್ಕೆಯ ನೆನಪು ಮಾತ್ರ. ರಾತ್ರಿಯಿಡೀ ನಡೆಯುತ್ತಿದ್ದ ಕೂಟ ಎರಡು–ಮೂರು ಗಂಟೆಗೆ ಕುಗ್ಗಿದಾಗಲೂ ಇದೇ ಪರಿಣಾಮ: ಗಮ್ಯಕ್ಕೆ ತಲುಪುವ ಆತುರದಲ್ಲಿ ದಾರಿ ಹ್ರಸ್ವವಾಗುತ್ತದೆ.

7. ಉಪಸಂಹಾರ

ನಮ್ಮ ಜಾನಪದ ದಾಖಲೀಕರಣ ಈ ವಿಷಯದಲ್ಲಿ ತನ್ನ ವಿಧಾನವನ್ನು ಮರುಪರಿಶೀಲಿಸಬೇಕಾಗಿದೆ. ಆಟಗಳ ಸಂಗ್ರಹದಲ್ಲಿ ನಿಯಮವನ್ನು ಬರೆದುಕೊಳ್ಳುವಾಗ, ಆ ನಿಯಮದ ಬಗ್ಗೆ ಆಡುವವರ ನಡುವೆ ನಡೆದ ಮಾತುಕತೆಯನ್ನೂ, ಒಂದೇ ಎಸೆತಕ್ಕೆ ಬೇರೆ ಬೇರೆಯವರು ಬೇರೆ ಬೇರೆ ಕಾಯಿ ನಡೆಸಿದುದನ್ನೂ, ಅದಕ್ಕೆ ಅವರು ಕೊಟ್ಟ ಕಾರಣವನ್ನೂ ಬರೆದುಕೊಳ್ಳಬೇಕು. ತಾಳಮದ್ದಳೆಯ ಅರ್ಥವನ್ನು ಮುದ್ರಿಸುವಾಗ ಒಬ್ಬ ಪ್ರಸಿದ್ಧರ ಮಾತನ್ನು ಮಾತ್ರ ಬಿಡಿಸಿ ತೆಗೆದು ಗ್ರಂಥವಾಗಿಸುವ ಕ್ರಮಕ್ಕೆ ಬದಲಾಗಿ ಎದುರಾಳಿಯ ಪ್ರಶ್ನೆಯೊಡನೆ, ಭಾಗವತರು ಎತ್ತಿಕೊಂಡ ಮತ್ತು ಬಿಟ್ಟ ಪದ್ಯಗಳ ವಿವರದೊಡನೆ ಅದನ್ನು ದಾಖಲಿಸಬೇಕು. ಒಬ್ಬನೇ ಅರ್ಥಧಾರಿ ಒಂದೇ ಪಾತ್ರವನ್ನು ಮೂವರು ಭಿನ್ನ ಎದುರಾಳಿಗಳ ಮುಂದೆ ನಿರ್ವಹಿಸಿದ ದಾಖಲೆ ದೊರೆತರೆ ಪಾತ್ರದ ಬೆಳವಣಿಗೆಯ ಬಗ್ಗೆ ಹತ್ತು ಪ್ರಸಂಗಪ್ರತಿಗಳಿಗಿಂತ ಹೆಚ್ಚು ತಿಳಿಯುತ್ತದೆ. ಅಂಗಳದಲ್ಲಿ ಗೆರೆ ಎಳೆದು ಆಡುವವರೂ ಇಡೀ ರಾತ್ರಿ ಕುಳಿತು ಕೇಳುವವರೂ ವಿರಳವಾಗುವ ಮೊದಲೇ ಈ ಕೆಲಸ ನಡೆಯಬೇಕಾಗಿದೆ. ಕಾಯಿ ಹಣ್ಣಾದ ಲೆಕ್ಕ ನಮ್ಮಲ್ಲಿ ಸಾಕಷ್ಟಿದೆ. ಯಾರೆದುರು, ಯಾವ ದಾರಿಯಲ್ಲಿ ಹಣ್ಣಾಯಿತೆಂಬ ವಿವರವನ್ನು ಇನ್ನು ಮುಂದೆ ಕಲೆಹಾಕಬೇಕು.